‘ಹರ್ಮೆಸ್’ 39ನೆಯ ಸಂಪುಟದ ಐದು ಪುಟಗಳು: ಎಲ್ಲರೂ ಹೆಸರಿಸುವ, ಯಾರೂ ತೆರೆಯದ ಲೇಖನ

ಓಲೆಗರಿ:

ವೇದಿಕೆಯ ಎಲ್ಲರಿಗೂ ನಮಸ್ಕಾರ. ಪದವಿ ತರಗತಿಗಳಿಗೆ ಹಳಗನ್ನಡ ಪಾಠ ಹೇಳುವವನು ನಾನು. ಈ ವರ್ಷ ನನ್ನ ಮುಂದೆ ಬಂದ ಕಿರುಪ್ರಬಂಧಗಳಲ್ಲಿ ಮೂರು ಕನ್ನಡದ ಪ್ರಾಚೀನತೆಯನ್ನು ಕುರಿತವು. ಈಜಿಪ್ಟಿನಲ್ಲಿ ಸಿಕ್ಕ ಎರಡನೆಯ ಶತಮಾನದ ಗ್ರೀಕ್ ಪ್ರಹಸನದಲ್ಲಿ ಕನ್ನಡ ಮಾತುಗಳಿವೆಯೆಂದು ಹುಲ್ಟ್ಷ್ ‘ಹರ್ಮೆಸ್’ನಲ್ಲಿ ಸಾಧಿಸಿ ತೋರಿಸಿದ್ದಾರೆ ಎಂಬ ವಾಕ್ಯ ಮೂರರಲ್ಲೂ ಹೆಚ್ಚುಕಡಿಮೆ ಒಂದೇ ರೂಪದಲ್ಲಿತ್ತು. ಹುಲ್ಟ್ಷ್ ಜರ್ಮನ್ ಶಾಸನತಜ್ಞರು, ಹರ್ಮೆಸ್ ಎಂಬುದು ಜರ್ಮನಿಯ ವಿದ್ವತ್ ಪತ್ರಿಕೆ. ಒಬ್ಬರು ಅದನ್ನು ಪುಸ್ತಕವೆಂದು ಬರೆದಿದ್ದರು. ಇನ್ನೊಬ್ಬರ ಪ್ರಕಾರ ಅದು ಲೇಖಕರದೇ ಹೆಸರು, ‘ಹರ್ಮೆಸ್ ಹುಲ್ಟ್ಷ್’. ಪುಟಸಂಖ್ಯೆ ಯಾರಲ್ಲೂ ಇರಲಿಲ್ಲ. ತಪ್ಪು ತಿದ್ದಲೆಂದು ಕೆಂಪು ಶಾಯಿಯ ಪೆನ್ನು ತೆಗೆದಾಗ ನನಗೇ ನಾಚಿಕೆಯಾಯಿತು, ಏಕೆಂದರೆ ಇದೇ ವಾಕ್ಯವನ್ನು ನಾನೂ ಹಲವು ವರ್ಷ ತರಗತಿಯಲ್ಲಿ ಹೇಳಿದ್ದೇನೆ, ಆ ಲೇಖನವನ್ನು ಕಣ್ಣಾರೆ ಕಂಡಿರಲಿಲ್ಲ.

ಆದ್ದರಿಂದ ಹುಡುಕಿದೆ. ಹಳೆಯ ಸಂಪುಟಗಳ ಪ್ರತಿಚಿತ್ರಗಳು ಇಂಟರ್‌ನೆಟ್ ಆರ್ಕೈವ್‌ನಲ್ಲಿ ದೊರೆಯುತ್ತವೆ. ಲೇಖನವಿರುವುದು 1904ರ 39ನೆಯ ಸಂಪುಟದ 307ರಿಂದ 311ರವರೆಗಿನ ಪುಟಗಳಲ್ಲಿ. ಐದೇ ಐದು ಪುಟ. ಇಷ್ಟೊಂದು ಭಾಷಣಗಳಿಗೂ ಪಠ್ಯಪುಸ್ತಕಗಳ ಪೀಠಿಕೆಗಳಿಗೂ ಆಧಾರವಾದ ಬರಹ ಇಷ್ಟು ಚಿಕ್ಕದೆಂದು ನಾನು ಎಣಿಸಿರಲಿಲ್ಲ. ನನ್ನ ಜರ್ಮನ್ ನಿಘಂಟಿನ ಊರುಗೋಲು ಹಿಡಿದು ನಡೆಯುವಂಥದು. ಗ್ರೀಕ್ ಅಕ್ಷರಗಳನ್ನು ಗುರುತಿಸಬಲ್ಲೆ, ಅಷ್ಟೆ.

ವಿಷಯ ತಿಳಿಯದವರಿಗಾಗಿ ನಾಲ್ಕು ಮಾತು. ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಆಕ್ಸ್‌ಫರ್ಡ್ ವಿದ್ವಾಂಸರು ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಹಾಳೂರಿನ ಕಸದ ದಿಬ್ಬಗಳನ್ನು 1896ರ ಚಳಿಗಾಲದಿಂದ ಅಗೆದು ರಾಶಿಗಟ್ಟಲೆ ಪಪೈರಸ್ (ಜೊಂಡಿನಿಂದ ಮಾಡಿದ ಹಾಳೆ) ತುಣುಕುಗಳನ್ನು ತೆಗೆದರು. ಅವುಗಳಲ್ಲಿ 413ನೆಯ ಸಂಖ್ಯೆಯದು 1903ರಲ್ಲಿ ಮೂರನೆಯ ಸಂಪುಟದಲ್ಲಿ ಅಚ್ಚಾಯಿತು. ಅದರಲ್ಲಿರುವ ಪ್ರಹಸನದ ನಾಯಕಿ ಖಾರಿತಿಯೋನ್ ಎಂಬ ಗ್ರೀಕ್ ಯುವತಿ. ಭಾರತದ ಕಡಲತೀರದ ರಾಜನೊಬ್ಬನ ವಶದಲ್ಲಿ, ಚಂದ್ರದೇವತೆಯ ಗುಡಿಯಲ್ಲಿ ಅವಳು ಸಿಕ್ಕಿಬಿದ್ದಿದ್ದಾಳೆ. ಅವಳ ಅಣ್ಣ ಹಡಗಿನಲ್ಲಿ ಬಂದಿದ್ದಾನೆ, ಜೊತೆಗೊಬ್ಬ ವಿದೂಷಕನಿದ್ದಾನೆ. ಆ ನಾಡಿನವರಿಗೆ ದ್ರಾಕ್ಷಾರಸ ಅಪರೂಪ. ರೂಢಿಯಿಲ್ಲದೆ ನೀರು ಬೆರೆಸದೆಯೇ ಕುಡಿಯುತ್ತಾರೆ. ಅದನ್ನೇ ಹಂಚಿ ರಾಜನನ್ನೂ ಅವನ ಪರಿವಾರವನ್ನೂ ಮತ್ತೇರಿಸಿ, ರಾಜನನ್ನು ಕಟ್ಟಿಹಾಕಿ ಓಡಿಹೋಗುವುದೇ ಕಥೆ. ರಾಜನೂ ಅವನ ಜನರೂ ಆಡುವ ಕೆಲವು ಮಾತುಗಳು ಗ್ರೀಕ್ ಲಿಪಿಯಲ್ಲಿದ್ದರೂ ಗ್ರೀಕ್ ಭಾಷೆಯವಲ್ಲ. ಅವುಗಳಲ್ಲಿ ಕೆಲವನ್ನು ಹುಲ್ಟ್ಷ್ ಕನ್ನಡವೆಂದು ಓದಿದರು.

ನನ್ನ ಪ್ರಶ್ನೆಗಳು ಎರಡು. ಈ ಹರ್ಮೆಸ್ ಎಂಬ ಪತ್ರಿಕೆ ಎಂಥದು, ಅದರಲ್ಲಿ ಅಚ್ಚಾಯಿತೆಂದರೆ ಎಷ್ಟು ತೂಕ ಕೊಡಬೇಕು? ಅಲ್ಲಿ ಹೇಳಿದ್ದನ್ನು ಇಂದು ವಿದ್ಯಾರ್ಥಿಗಳಿಗೆ ಯಾವ ಮಾತಿನಲ್ಲಿ ಹೇಳಬೇಕು?

ಯವನಪ್ರಿಯ:

ಓಲೆಗರಿಯವರೇ, ಮೊದಲ ಪ್ರಶ್ನೆಗೆ ನನ್ನಿಂದಾದಷ್ಟು ಉತ್ತರಿಸುತ್ತೇನೆ. ಗ್ರೀಕ್ ಮತ್ತು ಲ್ಯಾಟಿನ್ ಓದುವ ಸಲುವಾಗಿ ಕೆಲವು ವರ್ಷ ಜರ್ಮನಿಯಲ್ಲಿದ್ದವನು ನಾನು. ಅಲ್ಲಿನ ಗ್ರಂಥಾಲಯದ ಒಂದು ಗೋಡೆಯುದ್ದಕ್ಕೂ ಈ ಪತ್ರಿಕೆಯ ಸಂಪುಟಗಳು ನಿಂತಿದ್ದವು. ಮೊದಮೊದಲಿನವುಗಳ ಬೆನ್ನಿನ ಚರ್ಮ ಒಣಗಿ ಕಂದುಪುಡಿಯಾಗಿ ಕೈಗೆ ಮೆತ್ತಿಕೊಳ್ಳುತ್ತಿತ್ತು.

ಹರ್ಮೆಸ್ ಆರಂಭವಾದದ್ದು 1866ರಲ್ಲಿ, ಬರ್ಲಿನ್ನಿನಲ್ಲಿ. ಮೊದಲ ಸಂಪಾದಕ ಎಮಿಲ್ ಹ್ಯೂಬ್ನರ್, ಪ್ರಕಾಶಕರು ವೈಡ್‌ಮನ್. ಗ್ರೀಕ್ ಮತ್ತು ಲ್ಯಾಟಿನ್ ಭಾಷೆ, ಸಾಹಿತ್ಯ, ಶಾಸನ, ಪ್ರಾಚೀನ ಇತಿಹಾಸ ಇವೆಲ್ಲ ಒಂದೇ ವಿದ್ಯೆಯ ಕೊಂಬೆಗಳೆಂದು ನಂಬಿದ್ದವರ ಪತ್ರಿಕೆ ಅದು. ಮೊದಲ ಸಂಪುಟದಲ್ಲೇ ಮೊಮ್ಸೆನ್ ರೋಮಿನ ಸ್ಕಿಪಿಯೋ ಮನೆತನದ ಮೇಲಿನ ಮೊಕದ್ದಮೆಗಳ ಬಗ್ಗೆ ಐವತ್ತಕ್ಕೂ ಹೆಚ್ಚು ಪುಟ ಬರೆದರು. 1902ರಲ್ಲಿ ಸಾಹಿತ್ಯಕ್ಕೆ ನೊಬೆಲ್ ಪಡೆದ ಇತಿಹಾಸಕಾರರು ಇವರೇ. ಮೊರಿಟ್ಸ್ ಹೌಪ್ಟ್ ಅದೇ ಕಾಲದಲ್ಲಿ ಪಾಠಶೋಧನೆಯ ಸಣ್ಣ ಸಣ್ಣ ಟಿಪ್ಪಣಿಗಳನ್ನು ಲ್ಯಾಟಿನ್ನಿನಲ್ಲೇ ಬರೆಯುತ್ತಿದ್ದರು. ಸಂಸ್ಕೃತ ಕೃತಿಗೆ ಸಂಸ್ಕೃತದಲ್ಲೇ ಟೀಕೆ ಬರೆಯುತ್ತಿದ್ದ ನಮ್ಮ ಪಂಡಿತರನ್ನು ಬಲ್ಲವರಿಗೆ ಇದರಲ್ಲಿ ವಿಚಿತ್ರವೇನೂ ಕಾಣದು. 1882ರಿಂದ ಗೇಯಾರ್ಗ್ ಕೈಬೆಲ್ ಮತ್ತು ಕಾರ್ಲ್ ರಾಬರ್ಟ್ ಸಂಪಾದಕರಾದರು. ಕೈಬೆಲ್ 1901ರಲ್ಲಿ ತೀರಿಕೊಂಡ ಮೇಲೆ ಫ್ರೀಡ್ರಿಶ್ ಲೇಯೋ ಅವರು ರಾಬರ್ಟರ ಜೊತೆಗೂಡಿದರು. ನಿಮ್ಮ 39ನೆಯ ಸಂಪುಟದ ಮುಖಪುಟದಲ್ಲಿ ಈ ಇಬ್ಬರ ಹೆಸರಿದೆ.

ಯುದ್ಧದ ಕೊನೆಯ ವರ್ಷಗಳಲ್ಲಿ ಪತ್ರಿಕೆ ನಿಂತಿತು. 79ನೆಯ ಸಂಪುಟ 1944ರದು, 80ನೆಯದು 1952ರದು. ನಡುವಿನ ಏಳು ವರ್ಷ ಸಂಪುಟವಿಲ್ಲ. ಅಲ್ಲಿಂದೀಚೆಗೆ ಪ್ರಕಾಶನ ಫ್ರಾನ್ಸ್ ಸ್ಟೈನರ್ ಸಂಸ್ಥೆಯದು. ವರ್ಷಕ್ಕೆ ನಾಲ್ಕು ಸಂಚಿಕೆಗಳಂತೆ ಇಂದಿಗೂ ನಡೆಯುತ್ತಿದೆ; 2024ರದು 152ನೆಯ ಸಂಪುಟ. ಈಗ ಜರ್ಮನ್ನಿನ ಜೊತೆಗೆ ಇಂಗ್ಲಿಷ್, ಫ್ರೆಂಚ್, ಇಟಾಲಿಯನ್ ಲೇಖನಗಳೂ ಬರುತ್ತವೆ.

ಇನ್ನು ತೂಕದ ಮಾತು. ಹರ್ಮೆಸ್‌ನಲ್ಲಿ ಅಚ್ಚಾಯಿತೆಂಬುದು, ಗ್ರೀಕ್ ಬಲ್ಲ ಇಬ್ಬರು ದೊಡ್ಡ ಸಂಪಾದಕರು ಅದನ್ನು ಓದಿ ಚರ್ಚೆಗೆ ಯೋಗ್ಯವೆಂದು ಭಾವಿಸಿದರು ಎಂಬುದಕ್ಕೆ ಪುರಾವೆ. ಆದರೆ ಲೇಯೋ ಲ್ಯಾಟಿನ್ ನಾಟಕಗಳ ಪಂಡಿತರು, ರಾಬರ್ಟ್ ಗ್ರೀಕ್ ಪುರಾಣ ಮತ್ತು ಪುರಾತತ್ತ್ವದವರು. ಕನ್ನಡದ ಭಾಗವನ್ನು ಒರೆಗೆ ಹಚ್ಚಬೇಕಾದ ಕೆಲಸ ಇವರಿಬ್ಬರ ಅಳವಿನದಲ್ಲ. ಅಲ್ಲಿ ಅವರು ಹುಲ್ಟ್ಷ್ ಅವರ ಮಾತನ್ನು ನಂಬಿದ್ದಿರಬೇಕು.

ಮಲ್ಪೆ ಕಡಲು:

ಹುಲ್ಟ್ಷ್ ಅವರನ್ನು ಯಾರೋ ದಾರಿಹೋಕರೆಂಬಂತೆ ನೋಡುವುದು ಸರಿಯಲ್ಲ ಎಂದು ನನಗನ್ನಿಸುತ್ತದೆ. 1886ರಿಂದ ಮದರಾಸು ಸರ್ಕಾರದ ಶಾಸನತಜ್ಞರಾಗಿದ್ದವರು ಅವರು. ದಕ್ಷಿಣ ಭಾರತದ ಶಾಸನಗಳ ಮೊದಲ ಸಂಪುಟಗಳನ್ನು ಸಂಪಾದಿಸಿದವರು, ‘ಎಪಿಗ್ರಾಫಿಯ ಇಂಡಿಕಾ’ವನ್ನು ನಡೆಸಿದವರು. ಕನ್ನಡ ಲಿಪಿಯ ಶಿಲೆಗಳನ್ನು ಬಿಸಿಲಲ್ಲಿ ನಿಂತು ಓದಿದ ವ್ಯಕ್ತಿ ಗ್ರೀಕ್ ಪುಟವೊಂದರಲ್ಲಿ ಕನ್ನಡದ ಸದ್ದು ಕೇಳಿಸಿತು ಎಂದರೆ ಅದಕ್ಕೆ ಬೆಲೆಯಿಲ್ಲವೇ?

ಅವರೊಬ್ಬರೇ ಅಲ್ಲ. ಮೈಸೂರಿನ ಶಾಮಶಾಸ್ತ್ರಿಗಳು, ಅರ್ಥಶಾಸ್ತ್ರವನ್ನು ಬೆಳಕಿಗೆ ತಂದವರು, ಹುಲ್ಟ್ಷ್ ಅವರನ್ನು ಒಪ್ಪಿ ಇನ್ನೂ ಕೆಲವು ಮಾತುಗಳನ್ನು ಕನ್ನಡವೆಂದು ಬಿಡಿಸಿದರು. ಮಂಜೇಶ್ವರದ ಗೋವಿಂದ ಪೈಗಳೂ ಇತಿಹಾಸಕಾರ ಸಾಲೆತೊರೆಯವರೂ ಇದನ್ನು ಕೈಗೆತ್ತಿಕೊಂಡು ನಮ್ಮ ಕರಾವಳಿಯತ್ತ ಬೆರಳು ತೋರಿದರು. ಪಪೈರಸ್ಸಿನಲ್ಲಿ ‘ಮಲ್ಪಿನಿಅಕ’ ಎಂಬ ಅಕ್ಷರಗಳಿವೆ. ಅದನ್ನು ಮಲ್ಪೆಯ ನಾಯಕ ಎಂದು ಓದುವವರಿದ್ದಾರೆ. ಆ ಮಾತುಗಳು ಕನ್ನಡವೂ ಅಲ್ಲ, ತುಳು ಎನ್ನುವವರೂ ನಮ್ಮ ಕಡೆ ಉಂಟು. ಮಲ್ಪೆಯ ವಡಭಾಂಡೇಶ್ವರದ ಗುಡಿಯ ಮುಂದೆ ನಿಂತು ಸಮುದ್ರ ನೋಡುವವನಿಗೆ ಇದು ಅಸಂಭವವೆಂದು ತೋರುವುದಿಲ್ಲ.

ಶಬ್ದಮಣಿ:

ಮಲ್ಪೆಯವರೇ, ನಿಮ್ಮ ಮಾತಿನ ಹಿಂದಿನ ಪ್ರೀತಿ ನನಗೂ ಇದೆ. ಆದರೂ ವ್ಯಾಕರಣ ಓದಿದವಳಾಗಿ ಒಂದು ಪ್ರಯೋಗ ಮಾಡಲು ಕೋರುತ್ತೇನೆ. ಲೇಖನದ ಮುಖ್ಯ ವಾಕ್ಯವನ್ನು ಅಕ್ಷರ ಅಕ್ಷರವಾಗಿ ಎದುರುಬದುರು ಇಟ್ಟು ನೋಡೋಣ. ಪತ್ರಿಕೆಯ ಪುಟದಲ್ಲಿ ಕನ್ನಡ ಲಿಪಿಯಿಲ್ಲ, ಎಲ್ಲವೂ ರೋಮನ್ ಲಿಪ್ಯಂತರ. ಅದನ್ನು ನಮ್ಮ ಲಿಪಿಗೆ ತಂದೊಡನೆ ಕೆಲವು ಸಂಗತಿಗಳು ಕಣ್ಣಿಗೆ ಹೊಡೆಯುತ್ತವೆ.

ಪಪೈರಸ್ಸಿನಲ್ಲಿ ಪದಗಳ ನಡುವೆ ಜಾಗ ಬಿಡುವ ರೂಢಿಯಿಲ್ಲ. ಆ ಉದ್ದನೆಯ ಸರಣಿ ಹೀಗಿದೆ: ‘ಪಾನುಂಬ್ರೇತಿಕತೆಮಾನುಅಂಬ್ರೇತುಉಎನಿ’. ಹುಲ್ಟ್ಷ್ ಇದನ್ನು ‘ಪಾನಂ ಬೇರ್ ಎತ್ತಿ ಕಟ್ಟಿ ಮಧುವಂ ಬೇರ್ ಎತ್ತುವೆನು’ ಎಂದು ಬಿಡಿಸುತ್ತಾರೆ. ಬಟ್ಟಲನ್ನು ಬೇರೆಯಾಗಿ ಎತ್ತಿ ಮುಚ್ಚಿ, ಮದ್ಯವನ್ನು ಬೇರೆಯಾಗಿ ತೆಗೆದುಕೊಳ್ಳುತ್ತೇನೆ ಎಂದು ಅರ್ಥ ಹೇಳುತ್ತಾರೆ. ಮೊದಲ ನೋಟಕ್ಕೆ ಮೈ ಜುಮ್ಮೆನ್ನುವುದು ನಿಜ. ‘ಬ್ರೇತಿ’ ಎರಡು ಸಲ ಬಂದಂತೆ ‘ಬೇರ್ ಎತ್ತು’ ಕೂಡ ಎರಡು ಸಲ ಬರುತ್ತದೆ. ಸಂದರ್ಭವೂ ಕುಡಿತದ್ದೇ.

ಈಗ ಎರಡನೆಯ ವಾಕ್ಯ ನೋಡಿ. ಪಪೈರಸ್ಸಿನಲ್ಲಿ ‘ಬೆರೆ ಕೊಂಜೆಯ್ ದಮುನ್ ಪೆತ್ರೆಕಿಯೊ ಪಕ್ತೆಯ್’. ಇದು ಹುಲ್ಟ್ಷ್ ಅವರ ಓದಿನಲ್ಲಿ ‘ಬೇರೆ ಕೊಂಚ ಮಧು ಪಾತ್ರಕ್ಕೆ ಹಾಕಿ’ ಎಂದಾಗುತ್ತದೆ. ಅಂದರೆ ಮೊದಲ ವಾಕ್ಯದಲ್ಲಿ ‘ಮಾನು’ ಎಂದರೆ ಮಧು, ಇಲ್ಲಿ ‘ದಮು’ ಎಂದರೂ ಮಧು. ಒಂದೆಡೆ ಧಕಾರದ ಜಾಗದಲ್ಲಿ ನಕಾರ, ಇನ್ನೊಂದೆಡೆ ಅಕ್ಷರಗಳೇ ಅದಲುಬದಲು. ಕಿವಿಯಲ್ಲಿ ಕೇಳಿದ್ದನ್ನು ಬರೆದುಕೊಂಡವನು ಒಂದೇ ಪದವನ್ನು ಎರಡು ಕಡೆ ಎರಡು ಬಗೆಯಲ್ಲಿ, ಎರಡೂ ತಪ್ಪಾಗಿ ಬರೆದನೆಂದು ನಾವು ಒಪ್ಪಿಕೊಳ್ಳಬೇಕಾಗುತ್ತದೆ. ಇಷ್ಟು ಸಡಿಲ ಬಿಟ್ಟರೆ ಯಾವ ಭಾಷೆಯನ್ನು ಬೇಕಾದರೂ ಅಲ್ಲಿ ಕಾಣಬಹುದೆಂಬ ಭಯ ನನಗೆ.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಮುಖ್ಯ. ಪಾನ, ಮಧು, ಪಾತ್ರ ಮೂರೂ ಸಂಸ್ಕೃತ ಪದಗಳು. ಅವು ಸರಿಯಾಗಿ ಓದಿದವೇ ಆದರೂ ಭಾರತದ ಯಾವುದೋ ಮಾತೆಂದಷ್ಟೇ ಹೇಳುತ್ತವೆ. ಕನ್ನಡವೆಂದು ಹೇಳಿಸಬೇಕಾದ ಹೊರೆಯೆಲ್ಲ ಉಳಿದ ಬೇರೆ, ಕೊಂಚ, ಹಾಕಿ, ಎತ್ತಿ, ಕಟ್ಟಿ ಎಂಬವುಗಳ ಮೇಲೂ ಪ್ರತ್ಯಯಗಳ ಮೇಲೂ ಬೀಳುತ್ತದೆ. ಅವುಗಳ ರೂಪವಾದರೋ ನಾವು ಈಗ ಮನೆಯಲ್ಲಿ ಆಡುವ ರೂಪ! 450ರ ಸುಮಾರಿನ ಹಲ್ಮಿಡಿ ಶಾಸನದಲ್ಲಿ ‘ಕದಂಬಪನ್ ತ್ಯಾಗಸಂಪನ್ನನ್’ ಎಂದು ನಕಾರಾಂತವಾಗಿ ನಿಲ್ಲುವ ಭಾಷೆ ಅದಕ್ಕಿಂತ ಮುನ್ನೂರು ವರ್ಷ ಹಿಂದೆ ‘ಎತ್ತುವೆನು’ ಎಂದು ಉಕಾರ ಹಚ್ಚಿಕೊಂಡಿತ್ತೆಂದು ನಂಬುವುದು ಕಷ್ಟ. ‘ಕೊಂಚ’ದ ವಿಷಯದಲ್ಲೂ ನನಗೆ ಅನುಮಾನ, ಹಳಗನ್ನಡ ಓದಿದವರಿಗೆ ಈ ಅರ್ಥದಲ್ಲಿ ಮೊದಲು ನೆನಪಾಗುವುದು ‘ಕಿಱಿದು’. ‘ಹಾಕಿ’ಯ ಮಾತಿನಲ್ಲಿ ಮಾತ್ರ ನಾನು ಹುಲ್ಟ್ಷ್ ಅವರ ಪರ ಒಂದು ಮಾತು ಹೇಳಬೇಕು. ಪಕಾರ ಹಕಾರವಾದದ್ದು ಹತ್ತನೆಯ ಶತಮಾನದಿಂದೀಚೆಗೆ. ನಡುಗನ್ನಡದ ‘ಹಾಯ್ಕು’ವಿನ ಹಿಂದೆ ಪಕಾರದ ರೂಪವೇ ಇದ್ದಿರಬೇಕು, ಪಪೈರಸ್ಸಿನಲ್ಲಿಯೂ ಇರುವುದು ‘ಪಕ್ತೆಯ್’, ಪಕಾರವೇ. ಅದರ ನಂತರದ ತಕಾರಕ್ಕೆ ಏನು ಹೇಳುವುದೋ ನನಗೆ ತೋಚಲಿಲ್ಲ.

‘ಮಲ್ಪಿನಿಅಕ’ವನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಆ ಸರಣಿ ಅಲ್ಲಿಗೇ ನಿಲ್ಲುವುದಿಲ್ಲ. ‘ಮಲ್ಪಿನಿಅಕುರುಕುಕುಬಿ’ ಎಂದು ಮುಂದುವರಿಯುತ್ತದೆ. ತಲೆಯನ್ನು ಮಲ್ಪೆಗೆ ಕೊಟ್ಟ ಮೇಲೆ ಬಾಲಕ್ಕೂ ಒಂದು ಊರು ಹುಡುಕಬೇಡವೇ?

ಹೊಸ ವಿದ್ಯಾರ್ಥಿನಿ:

ಎಲ್ಲರಿಗೂ ನಮಸ್ಕಾರ. ಓಲೆಗರಿ ಸರ್ ಹೇಳಿದಂಥದೇ ಒಂದು ಪ್ರಬಂಧ ಬರೆಯುತ್ತಿರುವವರಲ್ಲಿ ನಾನೂ ಒಬ್ಬಳು (ಬೇರೆ ಕಾಲೇಜಿನವಳು, ಹರ್ಮೆಸ್ ಹುಲ್ಟ್ಷ್ ಎಂದು ಬರೆದವಳು ನಾನಲ್ಲ). ಜರ್ಮನ್ ಬಾರದವರು ಈ ಲೇಖನವನ್ನು ಓದುವ ದಾರಿ ಯಾವುದು? ಗ್ರೀಕ್ ಪತ್ರಿಕೆಯೊಂದಕ್ಕೆ ಶಾಸನತಜ್ಞರೊಬ್ಬರು ಬರೆಯಲು ಕಾರಣವೇನು? ನಮ್ಮಲ್ಲಿ ಶಾಸನದ ಲೇಖನ ಶಾಸನದ ಪತ್ರಿಕೆಯಲ್ಲೇ ಬರುತ್ತದೆ.

ಯವನಪ್ರಿಯ:

ಮೊದಲನೆಯದಕ್ಕೆ ಸುಲಭದ ಉತ್ತರವಿದೆ. ಅದೇ 1904ರಲ್ಲಿ ಹುಲ್ಟ್ಷ್ ಇದೇ ವಿಷಯವನ್ನು ಲಂಡನ್ನಿನ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಬರೆದರು. 399ನೆಯ ಪುಟದಿಂದ ಆರಂಭ. ಭಾರತದ ವಿದ್ವಾಂಸರಿಗೆಂದು ಇಂಗ್ಲಿಷಿನಲ್ಲಿ, ಗ್ರೀಕ್ ಪಂಡಿತರಿಗೆಂದು ಜರ್ಮನ್ನಿನಲ್ಲಿ, ಎರಡು ಮನೆಯ ಬಾಗಿಲು ತಟ್ಟಿದಂತೆ. ನೀವು ಅದನ್ನು ಓದಿ, ಹರ್ಮೆಸ್‌ನ ಪುಟಗಳನ್ನು ಪಕ್ಕದಲ್ಲಿಟ್ಟುಕೊಳ್ಳಿ. ಅಚ್ಚು ಸಾಧಾರಣ ರೋಮನ್ ಅಕ್ಷರದ್ದು, ಹಳೆಯ ಜರ್ಮನ್ ಪುಸ್ತಕಗಳ ಗಾಥಿಕ್ ಅಚ್ಚಿನ ತೊಡಕಿಲ್ಲ.

ಎರಡನೆಯದಕ್ಕೆ ನನ್ನ ಊಹೆಯನ್ನು ಊಹೆಯೆಂದೇ ಹೇಳುತ್ತೇನೆ. ಹುಲ್ಟ್ಷ್ ಮದರಾಸಿನ ಕೆಲಸ ಬಿಟ್ಟು 1903ರಲ್ಲಿ ಹಾಲೆ ವಿಶ್ವವಿದ್ಯಾನಿಲಯಕ್ಕೆ ಸಂಸ್ಕೃತ ಪ್ರಾಧ್ಯಾಪಕರಾಗಿ ಹೋದರು. ಹರ್ಮೆಸ್‌ನ ಸಂಪಾದಕರಲ್ಲಿ ಒಬ್ಬರಾದ ಕಾರ್ಲ್ ರಾಬರ್ಟ್ 1890ರಿಂದ ಅದೇ ಹಾಲೆಯಲ್ಲಿ ಪ್ರಾಧ್ಯಾಪಕರು. ಪಪೈರಸ್ ಅಚ್ಚಾದದ್ದೂ 1903ರಲ್ಲೇ. ಹೊಸ ಪಪೈರಸ್ ಸಂಪುಟ ಬಂದೊಡನೆ ಗ್ರೀಕ್ ವಿದ್ವಾಂಸರೆಲ್ಲ ಅದರ ಮೇಲೆ ಮುಗಿಬೀಳುತ್ತಿದ್ದ ಕಾಲ ಅದು. ಭಾರತದ ರಾಜನೊಬ್ಬ ಅರ್ಥವಾಗದ ಮಾತಾಡುವ ಪುಟ ಎದುರಿಗಿದ್ದಾಗ, ದಕ್ಷಿಣ ಭಾರತದಿಂದ ಆಗಷ್ಟೇ ಬಂದ ಸಹೋದ್ಯೋಗಿಯನ್ನು ‘ಇದೇನು, ನೋಡಿ’ ಎಂದು ಯಾರೋ ಕೇಳಿರುವುದು ಸಹಜ.

ಆ ಪುಟದ ಮಾತು ಅರ್ಥಹೀನವೆಂದು ಗ್ರೀಕ್ ವಿದ್ವಾಂಸರು ಸುಮ್ಮನೆ ಬಿಡದಿರಲು ಇನ್ನೊಂದು ಕಾರಣವೂ ಇದೆ. ಲ್ಯಾಟಿನ್ ನಾಟಕಕಾರ ಪ್ಲಾಟಸ್‌ನ ಒಂದು ಪ್ರಹಸನದಲ್ಲಿ ಕಾರ್ಥೇಜಿನ ವರ್ತಕನೊಬ್ಬ ವೇದಿಕೆಗೆ ಬಂದು ತನ್ನ ಭಾಷೆಯಲ್ಲಿ ಹಲವು ಸಾಲು ಮಾತಾಡುತ್ತಾನೆ. ಅದು ಕಾರ್ಥೇಜಿನವರ ನಿಜವಾದ ಪ್ಯೂನಿಕ್ ಭಾಷೆಯೆಂದು, ಅದರ ಸೋದರಭಾಷೆಯಾದ ಹೀಬ್ರೂ ಬಲ್ಲವರು ತೋರಿಸಿದ್ದಾರೆ. ಇದಕ್ಕೆ ಎದುರಾಗಿ ಗ್ರೀಕ್ ನಾಟಕಕಾರ ಅರಿಸ್ಟೊಫನೀಸ್‌ನ ನಾಟಕವೊಂದರಲ್ಲಿ ಪರ್ಷಿಯಾದ ದೂತ ಆಡುವ ಒಂದು ಸಾಲು ನಿಜವಾದ ಪರ್ಷಿಯನ್ನೋ, ಪರ್ಷಿಯನ್ನಿನ ಸದ್ದನ್ನು ಅಣಕಿಸಿದ ಬರಿಯ ಗದ್ದಲವೋ ಎಂದು ಇಂದಿಗೂ ವಾದವಿದೆ. ನಮ್ಮ ಪಪೈರಸ್ ಈ ಎರಡರಲ್ಲಿ ಯಾವ ಸಾಲಿಗೆ ಸೇರುತ್ತದೆಂಬುದೇ ಪ್ರಶ್ನೆ.

ಮಲ್ಪೆ ಕಡಲು:

ಈ ಕೊನೆಯ ಮಾತು ನನಗೆ ತುಂಬ ಹಿಡಿಸಿತು. ನಮ್ಮ ಯಕ್ಷಗಾನದಲ್ಲಿ ಹಾಸ್ಯಗಾರರು ಪರಊರಿನವರ ಮಾತನ್ನು ಅಣಕಿಸುವಾಗ ಪೂರ್ತಿ ವಾಕ್ಯ ಕಟ್ಟುವುದಿಲ್ಲ. ಒಂದೆರಡು ನಿಜವಾದ ಪದ ಹಿಡಿದು, ಉಳಿದದ್ದನ್ನು ಆ ಮಾತಿನ ಧಾಟಿಯಲ್ಲಿ ಉರುಳಿಸಿಬಿಡುತ್ತಾರೆ. ಆ ಭಾಷೆ ಬಲ್ಲವರಿಗೆ ಅರ್ಧ ಅರ್ಥವಾಗುತ್ತದೆ, ಬಾರದವರಿಗೆ ನಗು ಬರುತ್ತದೆ. ಈಜಿಪ್ಟಿನ ನಟನೂ ಹಾಗೇ ಮಾಡಿರಬಾರದೇಕೆ? ಆಗ ಶಬ್ದಮಣಿಯವರ ಮಧುವಿನ ಆಕ್ಷೇಪ ಅಷ್ಟು ಗಟ್ಟಿಯಾಗಿ ಉಳಿಯುವುದಿಲ್ಲ. ಮೂರು ಕಡಲು ದಾಟಿ ಬಂದ ಪದವನ್ನು ನಟನೊಬ್ಬ ಎರಡು ಬಗೆಯಲ್ಲಿ ಉಚ್ಚರಿಸಿದ್ದರಲ್ಲಿ ಆಶ್ಚರ್ಯವೇನು?

ಸಂಪರ್ಕವಂತೂ ಇತ್ತು. ಎರಡನೆಯ ಶತಮಾನದ ಭೂಗೋಳಜ್ಞ ಟಾಲೆಮಿಗೆ ಬನವಾಸಿಯ ಹೆಸರು ಗೊತ್ತು. ಕೇರಳ ತೀರದ ಮುಜಿರಿಸ್ ಬಂದರಿನಿಂದ ಸರಕು ತರುವ ಸಾಲದ ಕರಾರಿನ ಪಪೈರಸ್ ವಿಯೆನ್ನಾದಲ್ಲಿದೆ. ಕೆಂಪು ಸಮುದ್ರದ ತೀರದ ಕುಸೈರ್‌ನಲ್ಲಿ ಕಣನ್, ಚಾತನ್ ಎಂಬ ಹೆಸರುಗಳನ್ನು ತಮಿಳು ಬ್ರಾಹ್ಮಿಯಲ್ಲಿ ಗೀಚಿದ ಮಡಕೆಚೂರು ಸಿಕ್ಕಿವೆ. ತಮಿಳರು ಅಲ್ಲಿಯವರೆಗೆ ಹೋದದ್ದು ಸಂಶಯಕ್ಕೆ ಎಡೆಯಿಲ್ಲದ ಮಾತಾಗಿರುವಾಗ, ನಡುವಿನ ನಮ್ಮ ತೀರದವರು ಮಾತ್ರ ಮನೆಯಲ್ಲೇ ಕುಳಿತಿದ್ದರೇ?

ಶಬ್ದಮಣಿ:

ಕುಳಿತಿರಲಾರರು, ಒಪ್ಪಿದೆ. ಹಾಸ್ಯಗಾರರ ಹೋಲಿಕೆಯನ್ನೂ ಒಪ್ಪುತ್ತೇನೆ. ಸರಿಯೆಂದೇ ನನಗೆ ತೋರುತ್ತದೆ. ಆದರೆ ಅದನ್ನು ಒಪ್ಪಿದ ಮೇಲೆ ಹುಲ್ಟ್ಷ್ ಅವರ ಲೇಖನ ಉಳಿಯುವುದಿಲ್ಲವೆಂಬುದನ್ನು ನೀವು ಗಮನಿಸಬೇಕು. ಅವರು ಅಲ್ಲಿ ಕಂಡದ್ದು ಬಿಡಿ ಪದಗಳನ್ನಲ್ಲ, ಕರ್ತೃ ಕ್ರಿಯೆ ವಿಭಕ್ತಿಗಳು ಕೂಡಿದ ಪೂರ್ಣ ವಾಕ್ಯಗಳನ್ನು. ನಿಮ್ಮ ನಟ ಅರೆಬರೆ ಕನ್ನಡ ಆಡಿದ್ದರೆ ‘ಬೆರೆ’ ಎಂಬುದೊಂದು ನಿಜವಾದ ಪದವಾಗಿರಬಹುದು, ಅದರ ಮುಂದಿನ ಹತ್ತು ಅಕ್ಷರ ಗಾಳಿಮಾತಾಗಿರಬಹುದು. ಯಾವುದು ಯಾವುದೆಂದು ಬೇರ್ಪಡಿಸುವ ಸಾಧನ ನಮ್ಮ ಕೈಯಲ್ಲಿಲ್ಲ. ತಮಿಳಿನ ಚೂರುಗಳ ವಿಷಯ ಬೇರೆ. ಅವು ತಮ್ಮದೇ ಲಿಪಿಯಲ್ಲಿವೆ, ಆ ಭಾಷೆಯವರೇ ಗೀಚಿದ್ದು.

ನಮ್ಮ ಬರಹಗಳಲ್ಲಿ ತಪ್ಪದೆ ಬಿಟ್ಟುಹೋಗುವ ಒಂದು ಉತ್ತರವನ್ನೂ ಇಲ್ಲಿ ಸೇರಿಸಬೇಕು. 1926ರಲ್ಲಿ ಎಲ್. ಡಿ. ಬಾರ್ನೆಟ್ ‘ಜರ್ನಲ್ ಆಫ್ ಈಜಿಪ್ಷಿಯನ್ ಆರ್ಕಿಯಾಲಜಿ’ಯ 12ನೆಯ ಸಂಪುಟದಲ್ಲಿ ಮೂರು ಪುಟದ ಟಿಪ್ಪಣಿ ಬರೆದರು. ಕನ್ನಡವೆಂದು ಹೇಳಲಾದ ಮಾತುಗಳು ಎಂಬ ಧಾಟಿಯ ಶೀರ್ಷಿಕೆಯಲ್ಲೇ ಅವರ ನಿಲುವು ಇದೆ. ಹುಲ್ಟ್ಷ್ ಅವರ ಓದನ್ನು ಅವರು ತಿರಸ್ಕರಿಸಿದರು. ಕನ್ನಡ ಬಾರದ ಪರಕೀಯರ ಅಸಡ್ಡೆ ಇದೆಂದು ತಳ್ಳಿಹಾಕುವಂತಿಲ್ಲ, ಬ್ರಿಟಿಷ್ ಮ್ಯೂಸಿಯಮ್ಮಿನ ಕನ್ನಡ, ಬಡಗ, ಕೊಡವ ಪುಸ್ತಕಗಳ ಪಟ್ಟಿಯನ್ನು 1910ರಲ್ಲಿ ತಯಾರಿಸಿದವರು ಇದೇ ಬಾರ್ನೆಟ್. ನಾನು ನೋಡಿದ ಕನ್ನಡ ಪುಸ್ತಕಗಳಲ್ಲಿ 1904 ದಪ್ಪಕ್ಷರದಲ್ಲಿದೆ. 1926 ಒಂದರಲ್ಲಿಯೂ ಇಲ್ಲ. ಇದು ಮರೆವೆಂದು ನನಗೆ ಅನ್ನಿಸುವುದಿಲ್ಲ.

ಹೊಸ ವಿದ್ಯಾರ್ಥಿನಿ:

ಹಾಗಾದರೆ ಹರ್ಮೆಸ್ ಪತ್ರಿಕೆ ತನ್ನ ಲೇಖನ ತಪ್ಪೆಂದು ಎಂದಾದರೂ ಪ್ರಕಟಿಸಿತೇ?

ಯವನಪ್ರಿಯ:

ಇಂಥ ಪತ್ರಿಕೆಗಳು ಹಾಗೆ ಮಾಡುವುದಿಲ್ಲ, ಮಾಡಬೇಕಾದ್ದೂ ಇಲ್ಲ. ಅಲ್ಲಿ ಲೇಖನವೆಂಬುದು ಲೇಖಕರ ವಾದ. ಒಪ್ಪದವರು ಅಲ್ಲಿಯೋ ಇನ್ನೊಂದು ಪತ್ರಿಕೆಯಲ್ಲಿಯೋ ಮರುವಾದ ಹೂಡುತ್ತಾರೆ. ಹರ್ಮೆಸ್‌ನ 1904ಕ್ಕೆ ಉತ್ತರ ಲಂಡನ್ನಿನ ಈಜಿಪ್ಟ್ ಪತ್ರಿಕೆಯಲ್ಲಿ ಇಪ್ಪತ್ತೆರಡು ವರ್ಷದ ಮೇಲೆ ಬಂದದ್ದು ಹೀಗೆಯೇ. ಇದು ನಡೆಯಬೇಕಾದರೆ ಸಂಪುಟ, ವರ್ಷ, ಪುಟ ಮೂರೂ ಸ್ಥಿರವಾಗಿ ಉಳಿಯಬೇಕು. ‘ಹರ್ಮೆಸ್ 39, 1904, 307’ ಎಂದು ಬಾರ್ನೆಟ್ ಕಾಲದಲ್ಲಿ ಬರೆದರೂ ನೀವು ಇಂದು ಬರೆದರೂ ತೆರೆಯುವುದು ಅದೇ ಪುಟ. ಏಳು ವರ್ಷ ಮುಚ್ಚಿದ್ದ ಪತ್ರಿಕೆ 1952ರಲ್ಲಿ ಮರಳಿ ಬಂದಾಗ ಹೊಸದಾಗಿ ಒಂದರಿಂದ ಎಣಿಸದೆ 80 ಎಂದು ಮುಂದುವರಿಸಿದ್ದು ನನಗೆ ಬಹಳ ಇಷ್ಟವಾದ ಸಂಗತಿ.

ನಮ್ಮಲ್ಲಿ ಈ ಶಿಸ್ತು ಇರಲಿಲ್ಲವೆಂದಲ್ಲ. 1916ರಲ್ಲಿ ಆರಂಭವಾದ ಸಾಹಿತ್ಯ ಪರಿಷತ್ತಿನ ಪತ್ರಿಕೆಯಲ್ಲೂ, ಎ. ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ ಕಟ್ಟಿದ ‘ಪ್ರಬುದ್ಧ ಕರ್ಣಾಟಕ’ದಲ್ಲೂ ಹಳೆಯವರು ಸಂಪುಟ, ಸಂಚಿಕೆ, ಪುಟ ಹೇಳಿಯೇ ಜಗಳವಾಡಿದ್ದಾರೆ. ಈಚೆಗೆ ಮಾತ್ರ ‘ವಿದ್ವಾಂಸರು ಅಭಿಪ್ರಾಯಪಟ್ಟಿದ್ದಾರೆ’ ಎಂದು ಬರೆದು ಮುಂದೆ ಹೋಗುವುದು ಹೆಚ್ಚಾಗಿದೆ.

ಓಲೆಗರಿ:

ಇಷ್ಟು ದಿನ ಸಮಯ ಕೊಟ್ಟು ಬರೆದ ಎಲ್ಲರಿಗೂ ಋಣಿ. ನಾನು ಮಾಡಲಿರುವುದು ಇಷ್ಟು. ಮೂರೂ ಪ್ರಬಂಧಗಳನ್ನು ಹಿಂದಿರುಗಿಸಿ, ‘ಸಾಧಿಸಿ ತೋರಿಸಿದ್ದಾರೆ’ ಎಂಬುದನ್ನು ‘ಓದಿದ್ದಾರೆ’ ಎಂದು ತಿದ್ದಿ, 1904ರ ಪಕ್ಕದಲ್ಲಿ 1926ನ್ನೂ ಬರೆಯಲು ಹೇಳುತ್ತೇನೆ. ಮುಂದಿನ ವಾರ ತರಗತಿಯಲ್ಲಿ ಕರಿಹಲಗೆಯನ್ನು ಎರಡು ಭಾಗ ಮಾಡಿ, ಎಡಕ್ಕೆ ಪಪೈರಸ್ಸಿನ ಅಕ್ಷರಗಳನ್ನು ಪದ ಒಡೆಯದೆ ಬರೆದು, ಹುಲ್ಟ್ಷ್ ಅವರ ಉತ್ತರವನ್ನು ಹೇಳದೆ, ಬಲಕ್ಕೆ ಏನು ಬರುತ್ತದೆಂದು ವಿದ್ಯಾರ್ಥಿಗಳನ್ನೇ ಕೇಳಬೇಕೆಂದಿದ್ದೇನೆ. ನಿನ್ನೆ ಮನೆಯಲ್ಲಿ ಮಗಳ ಮೇಲೆ ಇದನ್ನು ಪ್ರಯೋಗಿಸಿದೆ. ಉದ್ದನೆಯ ಸರಣಿಯನ್ನು ಎರಡು ಸಲ ಗಟ್ಟಿಯಾಗಿ ಓದಿಕೊಂಡು ಅವಳು ಹೆಕ್ಕಿದ ಪದ ‘ಕತೆ’ ಒಂದೇ. ಹುಲ್ಟ್ಷ್ ಅಲ್ಲಿ ‘ಕಟ್ಟಿ’ ಎಂದು ಓದಿದ್ದಾರೆ!

ಶಬ್ದಮಣಿಯವರಲ್ಲಿ ಒಂದು ಕೋರಿಕೆ. ಪಪೈರಸ್ಸಿನಲ್ಲಿ ರಾಜನ ಮಾತಿಗೆ ಎಲ್ಲರೂ ‘ಕೊತ್ತೋಸ್’ ಎಂದು ಒಟ್ಟಾಗಿ ದನಿಗೂಡಿಸುವ ಜಾಗವೊಂದಿದೆ. ‘ಕೊಡು’ವಿನತ್ತ ಮನಸ್ಸು ಓಡುತ್ತದೆ, ನಾನು ಹಿಡಿದು ನಿಲ್ಲಿಸಿಕೊಂಡಿದ್ದೇನೆ. ಆ ತಕಾರದ ದ್ವಿತ್ವಕ್ಕೂ ಕೊನೆಯ ಸಕಾರಕ್ಕೂ ವ್ಯಾಕರಣದ ಕಡೆಯಿಂದ ಏನಾದರೂ ಹೇಳಲು ಸಾಧ್ಯವೇ, ಬಿಡುವಾದಾಗ ಬರೆಯಿರಿ.

ಶಬ್ದಮಣಿ:

ಸಕಾರ ಗ್ರೀಕ್ ಪದಗಳ ಕೊನೆಯಲ್ಲಿ ಬರುವ ಸಾಮಾನ್ಯ ಬಾಲವಿದ್ದೀತು. ಕೇಳಿದ ಸದ್ದಿಗೆ ಬರೆದುಕೊಂಡವನು ತನ್ನ ಭಾಷೆಯ ಅಂಗಿ ತೊಡಿಸಿರಬಹುದು. ತಕಾರದ ದ್ವಿತ್ವಕ್ಕೆ ನನ್ನಲ್ಲಿ ಉತ್ತರವಿಲ್ಲ. ‘ಕೊಡು’ವನ್ನು ಹಿಡಿದು ನಿಲ್ಲಿಸಿಕೊಂಡದ್ದು ಒಳ್ಳೆಯದಾಯಿತು, ಹಾಗೆಯೇ ಹಿಡಿದುಕೊಂಡಿರಿ.